ಒಂದೇ ದಾಳಿ, ಎರಡು ದಾರಿ: ಉಗ್ರರೊಡನೆ ಹೋರಾಡಿ ಮಡಿದ ಪೊಲೀಸರಿಗೂ ಯೋಧರಿಗೂ ಗೌರವ ಸಲ್ಲುವುದು ಹೇಗೆ?

2008ರ ನವೆಂಬರ್ 26ರ ರಾತ್ರಿ ಮುಂಬೈನ ಗಿರ್‌ಗಾಂವ್ ಚೌಪಾಟಿಯ ನಾಕಾಬಂದಿಯಲ್ಲಿ ಸಹಾಯಕ ಸಬ್ ಇನ್‌ಸ್ಪೆಕ್ಟರ್ ತುಕಾರಾಂ ಓಂಬ್ಳೆ ಲಾಠಿ ಹಿಡಿದು ನಿಂತಿದ್ದರು. ಪೊಲೀಸರು ತಡೆದ ಕಾರಿನಲ್ಲಿದ್ದ ಅಜ್ಮಲ್ ಕಸಬ್‌ನ ಎಕೆ-47 ರೈಫಲ್ಲಿನ ನಳಿಗೆಯನ್ನು ಅವರು ಬರಿಗೈಯಲ್ಲಿ ಹಿಡಿದುಕೊಂಡರು. ಗುಂಡುಗಳು ಅವರ ಮೈ ಹೊಕ್ಕರೂ ಹಿಡಿತ ಸಡಿಲಲಿಲ್ಲ. ಅಷ್ಟರಲ್ಲಿ ಜೊತೆಯ ಪೊಲೀಸರು ಮುಗಿಬಿದ್ದರು, ಕಸಬ್ ಜೀವಂತ ಸಿಕ್ಕಿದ. ನವೆಂಬರ್ 28ರಂದು ತಾಜ್ ಹೋಟೆಲಿನೊಳಗೆ ಎನ್‌ಎಸ್‌ಜಿಯ (ಉಗ್ರರ ವಿರುದ್ಧ ಹೋರಾಡುವ ಕೇಂದ್ರದ ಕಮಾಂಡೊ ಪಡೆ) ಮೇಜರ್ ಸಂದೀಪ್ ಉನ್ನಿಕೃಷ್ಣನ್ ಗಾಯಗೊಂಡ ಸಂಗಾತಿಯನ್ನು ಹೊರಗೆ ಸಾಗಿಸಲು ಏರ್ಪಾಡು ಮಾಡಿ, ಉಗ್ರರ ಬೆನ್ನು ಹತ್ತಿ ಹೋಗಿ ಗುಂಡಿಗೆ ಬಲಿಯಾದರು.

2009ರ ಜನವರಿ 26ರಂದು ಇಬ್ಬರಿಗೂ ಮರಣೋತ್ತರ ಅಶೋಕ ಚಕ್ರ ಬಂತು. ಪದಕ ಒಂದೇ ಆದರೂ ಅದಕ್ಕೆ ಕಡತ ಸಾಗಿದ ದಾರಿ ಬೇರೆ. ಪಿಂಚಣಿಯ ನಿಯಮ, ಸ್ಮರಣೆಯ ದಿನ, ರಾಷ್ಟ್ರೀಯ ಸ್ಮಾರಕ ಇವೂ ಸೈನಿಕರಿಗೆ ಒಂದು, ಪೊಲೀಸರಿಗೆ ಇನ್ನೊಂದು. ಪ್ರತಿ ದಾಳಿಯ ನಂತರ ಟಿ.ವಿ. ಮುಂದೆ ಕೂತವರಲ್ಲಿ ಏಳುವ ಪ್ರಶ್ನೆಗಳು (ಹುತಾತ್ಮ ಎಂದು ಘೋಷಿಸುವವರು ಯಾರು, ಇವರಿಗೆ ಪದಕ ಬಂದು ಅವರಿಗೆ ಬರಲಿಲ್ಲ ಏಕೆ, ಮನೆಯವರಿಗೆ ಸಿಗುವುದೆಷ್ಟು) ಬಗೆಹರಿಯಬೇಕಾದರೆ ಈ ಎರಡು ದಾರಿಗಳನ್ನು ಬಿಡಿಸಿ ನೋಡಬೇಕು.

ಎಲ್ಲಕ್ಕೂ ಮೊದಲು ದಾಖಲೆಯ ಒಂದು ಸಾಲು

ಭಾಷಣದಲ್ಲಿ, ಪತ್ರಿಕೆಯಲ್ಲಿ ಹುತಾತ್ಮ ಎನ್ನುತ್ತೇವೆ. ಸೇನೆಯ ಅಥವಾ ಕೇಂದ್ರ ಪಡೆಗಳ ಕಡತದಲ್ಲಿ ಅಂಥ ವರ್ಗವೇ ಇಲ್ಲ. ಕೇಂದ್ರ ಸರ್ಕಾರ ಇದನ್ನು ಸಂಸತ್ತಿನಲ್ಲೇ ಹೇಳಿದೆ. ಕಡತದಲ್ಲಿ ಇರುವುದು ಸಾವಿನ ವರ್ಗ. ಕಾರ್ಯಾಚರಣೆಯಲ್ಲಿ ಸತ್ತ ಸೈನಿಕ ‘ಬ್ಯಾಟಲ್ ಕ್ಯಾಶುಯಲ್ಟಿ’. ಕಾಯಿಲೆ ಅಥವಾ ಸಾಮಾನ್ಯ ಅಪಘಾತದಲ್ಲಿ ಸತ್ತರೆ ‘ಫಿಸಿಕಲ್ ಕ್ಯಾಶುಯಲ್ಟಿ’. ಸಿಆರ್‌ಪಿಎಫ್, ಬಿಎಸ್‌ಎಫ್ ಮುಂತಾದ ಕೇಂದ್ರ ಪೊಲೀಸ್ ಪಡೆಗಳಲ್ಲಿ ‘ಆಪರೇಷನಲ್ ಕ್ಯಾಶುಯಲ್ಟಿ ಸರ್ಟಿಫಿಕೇಟ್’ ಎಂಬ ಪ್ರಮಾಣಪತ್ರ ಕೊಡುತ್ತಾರೆ. ಜಮೀನಿನ ವಿಷಯದಲ್ಲಿ ಪಹಣಿ ಇದ್ದಂತೆ ಈ ಸಾಲು. ಅದರಲ್ಲಿ ಹೇಗೆ ನಮೂದಾಗಿದೆಯೋ ಮುಂದಿನದೆಲ್ಲ ಹಾಗೇ ನಡೆಯುತ್ತದೆ, ತಪ್ಪು ನಮೂದಾದರೆ ತಿದ್ದಿಸಲು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ.

ಒಂದು ಸಾಲು ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೆ ಕೇಂದ್ರದ ಪರಿಹಾರಧನವೇ ಸಾಕ್ಷಿ. 2016ರ ಜನವರಿ 1ರಿಂದ ಜಾರಿಗೆ ಬಂದ ದರಗಳ ಪ್ರಕಾರ, ಕರ್ತವ್ಯದಲ್ಲಿದ್ದಾಗ ಅಪಘಾತದಿಂದ ಅಥವಾ ಉಗ್ರರ ಹಿಂಸಾಕೃತ್ಯದಿಂದ ಸತ್ತರೆ 25 ಲಕ್ಷ ರೂಪಾಯಿ. ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿ ಅಥವಾ ಗಡಿ ಚಕಮಕಿಯಲ್ಲಿ ಸತ್ತರೆ 35 ಲಕ್ಷ. ಯುದ್ಧದಲ್ಲಿ ಶತ್ರುವಿನ ಕೈಯಲ್ಲಿ ಸತ್ತರೆ 45 ಲಕ್ಷ. ಗಮನಿಸಿ: ಬಾಂಬು ಸಿಡಿಸಿದವನೂ ಉಗ್ರನೇ, ಎದುರು ನಿಂತು ಗುಂಡು ಹಾರಿಸಿದವನೂ ಉಗ್ರನೇ. ಆದರೂ ಕರ್ತವ್ಯಕ್ಕೆ ಹೊರಟಿದ್ದಾಗ ಆದ ದಾಳಿ ಒಂದು ವರ್ಗಕ್ಕೂ ಉಗ್ರರನ್ನು ಹುಡುಕುತ್ತ ಹೋದಾಗ ಆದ ಸಾವು ಇನ್ನೊಂದಕ್ಕೂ ಬೀಳಬಹುದು. ನಡುವಿನ 10 ಲಕ್ಷವನ್ನು ತೀರ್ಮಾನಿಸುವುದು ಘಟನೆ ನಡೆದ ಕೆಲವೇ ದಿನಗಳಲ್ಲಿ ಬರೆದ ವರದಿ.

ಈ ದರಗಳು ಕೇಂದ್ರ ನೌಕರರಿಗೆ, ಅಂದರೆ ಸೇನೆ ಮತ್ತು ಕೇಂದ್ರ ಪಡೆಗಳಿಗೆ. ರಾಜ್ಯ ಪೊಲೀಸರಿಗೆ ಆಯಾ ರಾಜ್ಯ ಸರ್ಕಾರದ ಆದೇಶವೇ ಆಧಾರ. ಆದ್ದರಿಂದ ಒಂದೇ ಗುಂಡಿನ ಚಕಮಕಿಯಲ್ಲಿ ಸತ್ತ ಕಾನ್‌ಸ್ಟೇಬಲ್ ಮತ್ತು ಸಿಪಾಯಿಯ ಮನೆಗಳಿಗೆ ಬೇರೆ ಬೇರೆ ಮೊತ್ತ ಬರುವುದುಂಟು.

ಪೊಲೀಸರ ಪ್ರಕರಣದಲ್ಲಿ ಕರ್ತವ್ಯದ ಮೇಲಿದ್ದರು ಎಂಬುದನ್ನು ತೋರಿಸುವ ಕಾಗದಗಳು ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಠಾಣಾ ದಿನಚರಿ, ಬಂದೋಬಸ್ತ್ ಆದೇಶ. ದಿನಚರಿಯಲ್ಲಿ ‘ಹೊರಟ ಸಮಯ’ ಬರೆಯದೇ ಹೋದರೆ ಕಡತ ಮೇಲಿನಿಂದ ವಾಪಸ್ ಬರುತ್ತದೆ. ರಜೆಯಲ್ಲಿದ್ದವರ ಪ್ರಕರಣ ಇನ್ನೂ ತೊಡಕಿನದು. ಆದರೆ ರಜೆ ಎಂದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. 2018ರ ಜೂನ್‌ನಲ್ಲಿ ಈದ್ ಹಬ್ಬಕ್ಕೆ ಊರಿಗೆ ಹೊರಟಿದ್ದ ರೈಫಲ್‌ಮ್ಯಾನ್ ಔರಂಗಜೇಬ್ ಅವರನ್ನು ಕಾಶ್ಮೀರದಲ್ಲಿ ಉಗ್ರರು ಅಪಹರಿಸಿ ಕೊಂದರು. ಅವರಿಗೆ ಶೌರ್ಯ ಚಕ್ರ ಸಂದಿತು.

ಪರಮವೀರ ಚಕ್ರವೇಕಲ್ಲ, ಅಶೋಕ ಚಕ್ರವೇಕೆ?

ಭಾರತದ ಶೌರ್ಯ ಪದಕಗಳಲ್ಲಿ ಎರಡು ಸಾಲು. ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ಪರಮವೀರ, ಮಹಾವೀರ, ವೀರ ಚಕ್ರಗಳು. ಶತ್ರುವಿನ ಎದುರಲ್ಲದೆ ಬೇರೆಡೆ ತೋರಿದ ಶೌರ್ಯಕ್ಕೆ ಅಶೋಕ, ಕೀರ್ತಿ, ಶೌರ್ಯ ಚಕ್ರಗಳು. ಇಲ್ಲಿ ಶತ್ರು ಎಂದರೆ ಬಹುಮಟ್ಟಿಗೆ ಇನ್ನೊಂದು ದೇಶದ ಪಡೆ. ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆ ಸಾಮಾನ್ಯವಾಗಿ ಎರಡನೆಯ ಸಾಲಿಗೆ ಬರುತ್ತದೆ. ಮೊದಲ ಸಾಲಿಗೆ ಯುದ್ಧ ಘೋಷಣೆಯೇ ಬೇಕೆಂದಿಲ್ಲ. 1999ರ ಕಾರ್ಗಿಲ್‌ನಲ್ಲಿ ಘೋಷಣೆ ಇರಲಿಲ್ಲ, ಆದರೂ ನಾಲ್ಕು ಪರಮವೀರ ಚಕ್ರ ಕೊಟ್ಟರು; 2020ರಲ್ಲಿ ಚೀನೀ ಸೈನಿಕರೊಡನೆ ನಡೆದ ಗಾಲ್ವಾನ್ ಘರ್ಷಣೆಯ ಕರ್ನಲ್ ಸಂತೋಷ್ ಬಾಬು ಅವರಿಗೆ ಮಹಾವೀರ ಚಕ್ರ ಸಂದಿತು. ಕಾರ್ಯಾಚರಣೆಯ ಸ್ವರೂಪ ನೋಡಿ ಸಾಲು ನಿರ್ಧಾರವಾಗುತ್ತದೆ.

ಅಶೋಕ ಚಕ್ರದ ಸಾಲು ಎಂದರೆ ಕೆಳಗಿನ ಸಾಲು ಎಂದಲ್ಲ. ಪದಕಗಳ ಅಧಿಕೃತ ಕ್ರಮದಲ್ಲಿ ಭಾರತರತ್ನ, ಪರಮವೀರ ಚಕ್ರ, ಆನಂತರವೇ ಅಶೋಕ ಚಕ್ರ. ಪದ್ಮವಿಭೂಷಣ ಅದರ ಹಿಂದೆ. 1952ರಲ್ಲಿ ಆರಂಭಿಸಿದಾಗ ಇದು ‘ಅಶೋಕ ಚಕ್ರ’ ಎಂಬ ಒಂದೇ ಹೆಸರಿನಲ್ಲಿ ಒಂದನೆ, ಎರಡನೆ, ಮೂರನೆ ದರ್ಜೆಯಾಗಿತ್ತು. 1967ರಲ್ಲಿ ದರ್ಜೆಗಳಿಗೆ ಈಗಿನ ಮೂರು ಹೆಸರು ಬಂದವು. ಪದಕದ ರಿಬ್ಬನ್ ನೋಡಿಯೇ ಗುರುತಿಸಬಹುದು: ಮೂರರದೂ ಕಡು ಹಸಿರು ರಿಬ್ಬನ್, ಅಶೋಕ ಚಕ್ರಕ್ಕೆ ನಡುವೆ ಒಂದು ಕಿತ್ತಳೆ ಗೆರೆ, ಕೀರ್ತಿ ಚಕ್ರಕ್ಕೆ ಎರಡು, ಶೌರ್ಯ ಚಕ್ರಕ್ಕೆ ಮೂರು. ಗೆರೆ ಹೆಚ್ಚಿದಷ್ಟೂ ದರ್ಜೆ ಕಡಿಮೆ, ಫೋಟೊ ನೋಡಿ ಬರೆಯುವವರು ಎಡವುವುದು ಇಲ್ಲೇ. ಪದಕಗಳು ಕ್ರಮವಾಗಿ ಚಿನ್ನದ ಲೇಪದವು, ಬೆಳ್ಳಿಯವು, ಕಂಚಿನವು.

ಮುಖ್ಯ ಸಂಗತಿ ಅರ್ಹತೆಯದು. ಈ ಸಾಲು ಸೈನಿಕರಿಗಷ್ಟೇ ಮೀಸಲಲ್ಲ, ಪೊಲೀಸರಿಗೂ ಸಾಮಾನ್ಯ ನಾಗರಿಕರಿಗೂ ತೆರೆದಿದೆ. ಮುಂಬೈ ದಾಳಿಯಲ್ಲಿ ಮಡಿದ ಓಂಬ್ಳೆ, ಹೇಮಂತ್ ಕರ್ಕರೆ, ಅಶೋಕ್ ಕಾಮ್ಟೆ, ವಿಜಯ್ ಸಾಲಸ್ಕರ್ ಈ ನಾಲ್ವರು ಪೊಲೀಸರೂ ಉನ್ನಿಕೃಷ್ಣನ್, ಹವಾಲ್ದಾರ್ ಗಜೇಂದರ್ ಸಿಂಗ್ ಬಿಷ್ಟ್ ಈ ಇಬ್ಬರು ಕಮಾಂಡೊಗಳೂ ಒಂದೇ ಪಟ್ಟಿಯಲ್ಲಿ ಸೇರಲು ಸಾಧ್ಯವಾದದ್ದು ಹಾಗೆ. 2009ರ ಆ ಗಣರಾಜ್ಯೋತ್ಸವಕ್ಕೆ ಒಟ್ಟು 11 ಅಶೋಕ ಚಕ್ರಗಳನ್ನು ಕೊಡಲಾಯಿತು. ಅದರಲ್ಲಿ ದೆಹಲಿ, ಮೇಘಾಲಯ, ಒಡಿಶಾದ ಪೊಲೀಸ್ ಅಧಿಕಾರಿಗಳೂ ಇದ್ದರು.

ಪೊಲೀಸರಿಗೆ ಇದಲ್ಲದೆ ಗೃಹ ಸಚಿವಾಲಯದ ಪದಕಗಳು ಬೇರೆ ಇವೆ. ಹಿಂದೆ ಪೊಲೀಸ್, ಅಗ್ನಿಶಾಮಕ, ಗೃಹರಕ್ಷಕ, ಕಾರಾಗೃಹ ಎಂದು 16 ಬಗೆಯ ಪದಕಗಳಿದ್ದವು. 2024ರ ಗಣರಾಜ್ಯೋತ್ಸವದ ಹೊತ್ತಿಗೆ ಅವನ್ನು ನಾಲ್ಕಕ್ಕೆ ಇಳಿಸಿದರು. ಅದರಲ್ಲಿ ಶೌರ್ಯಕ್ಕೆ ಸಲ್ಲುವುದು ಎರಡು: ರಾಷ್ಟ್ರಪತಿಗಳ ಶೌರ್ಯ ಪದಕ ಮತ್ತು ಶೌರ್ಯ ಪದಕ. ಉಳಿದೆರಡು ಸೇವೆಗೆ. ‘ರಾಷ್ಟ್ರಪತಿ ಪದಕ’ ಎಂದಷ್ಟೇ ಸುದ್ದಿ ಬಂದರೆ ಅದು ಶೌರ್ಯದ್ದೋ ವಿಶಿಷ್ಟ ಸೇವೆಯದೋ ಎಂದು ನೋಡಿಕೊಳ್ಳಬೇಕು, ಎರಡಕ್ಕೂ ಅಜಗಜಾಂತರ.

ಕಡತ ಏರುವ ಮೆಟ್ಟಿಲು

ಪದಕ ಹುಟ್ಟುವುದು ಕೆಳಗಿನಿಂದ. ಘಟನೆ ಕಂಡ ತುಕಡಿಯ ಕಮಾಂಡರ್ ‘ಸೈಟೇಶನ್’ ಬರೆಯುತ್ತಾರೆ. ದಿನಾಂಕ, ಗಂಟೆ, ಸ್ಥಳ, ಎದುರಾಳಿಗಳೆಷ್ಟು, ಈ ವ್ಯಕ್ತಿ ಏನು ಮಾಡಿದರು, ಅದರಿಂದ ಏನಾಯಿತು ಎಂಬುದು ಅದರಲ್ಲಿರಬೇಕು, ಜೊತೆಗೆ ಕಣ್ಣಾರೆ ಕಂಡವರ ಹೇಳಿಕೆ ಇರಬೇಕು. ಸೇನೆಯಲ್ಲಿ ಅದು ಬ್ರಿಗೇಡ್, ಡಿವಿಷನ್, ಕೋರ್, ಕಮಾಂಡ್ ದಾಟಿ ಸೇನಾ ಪ್ರಧಾನ ಕಚೇರಿಗೆ ಹೋಗುತ್ತದೆ. ರಾಜ್ಯ ಪೊಲೀಸರದು ಎಸ್‌ಪಿ, ಡಿಜಿಪಿ ಕಚೇರಿ, ರಾಜ್ಯ ಗೃಹ ಇಲಾಖೆ ದಾಟಿ ಕೇಂದ್ರ ಗೃಹ ಸಚಿವಾಲಯ ತಲುಪುತ್ತದೆ. ಚಕ್ರಗಳ ವಿಷಯದಲ್ಲಿ ಎರಡು ದಾರಿಗಳೂ ಕೂಡುವುದು ರಕ್ಷಣಾ ಸಚಿವಾಲಯದ ಕೇಂದ್ರ ಗೌರವ ಮತ್ತು ಪ್ರಶಸ್ತಿ ಸಮಿತಿಯಲ್ಲಿ. ರಕ್ಷಣಾ ಸಚಿವರು, ಮೂರೂ ಪಡೆಗಳ ಮುಖ್ಯಸ್ಥರು, ರಕ್ಷಣಾ ಕಾರ್ಯದರ್ಶಿ ಅದರಲ್ಲಿರುತ್ತಾರೆ, ಗೃಹ ಸಚಿವಾಲಯ ಕಳಿಸಿದ ಪ್ರಕರಣಗಳಿಗೆ ಗೃಹ ಕಾರ್ಯದರ್ಶಿಯೂ ಕೂರುತ್ತಾರೆ. ಶಿಫಾರಸು ಪ್ರಧಾನಿಯವರ ಮೂಲಕ ರಾಷ್ಟ್ರಪತಿಯವರ ಒಪ್ಪಿಗೆಗೆ ಹೋಗುತ್ತದೆ. ಘೋಷಣೆ ವರ್ಷಕ್ಕೆರಡು ಸಲ, ಗಣರಾಜ್ಯೋತ್ಸವಕ್ಕೆ ಮತ್ತು ಸ್ವಾತಂತ್ರ್ಯ ದಿನಕ್ಕೆ.

ಎಡವಟ್ಟಾಗುವುದು ಬಹುಪಾಲು ತಳದಲ್ಲೇ. ಒಬ್ಬರೇ ಮುಂದೆ ಹೋಗಿ ಸತ್ತಿದ್ದರೆ ಕಣ್ಣಾರೆ ಕಂಡವರಿರುವುದಿಲ್ಲ. ಒಬ್ಬ ಸಾಕ್ಷಿ ಹೇಳಿದ ಸಮಯ ಎಫ್‌ಐಆರ್‌ನಲ್ಲಿರುವುದಕ್ಕೆ ತಾಳೆಯಾಗುವುದಿಲ್ಲ. ‘ಅಪ್ರತಿಮ’, ‘ಅಸಾಧಾರಣ’ ಎಂದು ಪುಟ ತುಂಬಿಸಿ, ಮಾಡಿದ್ದೇನು ಎಂಬುದನ್ನು ಮಾತ್ರ ಬರೆದಿರುವುದಿಲ್ಲ. ನೀಟಾಗಿ ಬರೆಯಬಲ್ಲ ಅಧಿಕಾರಿ ಇದ್ದ ತುಕಡಿಯವರಿಗೆ ಪದಕ ಬರುವ ಸಾಧ್ಯತೆ ಹೆಚ್ಚು ಎಂಬ ಮಾತು ಬ್ಯಾರಕ್ಕುಗಳಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ಪದಕದ ಜೊತೆ ತಿಂಗಳ ಭತ್ಯೆಯೂ ಇದೆ. 2017ರ ಪರಿಷ್ಕರಣೆಯಂತೆ ಅಶೋಕ ಚಕ್ರಕ್ಕೆ 12,000, ಕೀರ್ತಿ ಚಕ್ರಕ್ಕೆ 9,000, ಶೌರ್ಯ ಚಕ್ರಕ್ಕೆ 6,000 ರೂಪಾಯಿ. ಮರಣೋತ್ತರವಾದರೆ ಇದು ಪತ್ನಿಗೆ ಅಥವಾ ಪತಿಗೆ, ಅವಿವಾಹಿತರಾಗಿದ್ದರೆ ತಂದೆ–ತಾಯಿಗೆ ಸಲ್ಲುತ್ತದೆ. ಮದುವೆಯಾದ ಮೇಲೆ ವಿಮೆ, ಭವಿಷ್ಯನಿಧಿಗಳ ನಾಮನಿರ್ದೇಶನ ಬದಲಿಸದೆ ಬಿಟ್ಟಿದ್ದರೆ ಅತ್ತೆ–ಸೊಸೆ ಇಬ್ಬರೂ ಕಚೇರಿ ಮೆಟ್ಟಿಲು ಹತ್ತುವ ಸ್ಥಿತಿ ಬರುತ್ತದೆ. ಸೇವೆಯಲ್ಲಿರುವವರು ಇದನ್ನು ಇವತ್ತೇ ನೋಡಿಕೊಳ್ಳುವುದು ಒಳ್ಳೆಯದು.

ಅಂತ್ಯಕ್ರಿಯೆಯಲ್ಲಿ ನಾವು ಕಾಣುವುದು

ಶವಪೆಟ್ಟಿಗೆಯ ಮೇಲೆ ತ್ರಿವರ್ಣ ಧ್ವಜ ಹೊದಿಸುವುದಕ್ಕೆ ಕಟ್ಟುನಿಟ್ಟಾದ ಕಾನೂನಿದೆ. ರಾಷ್ಟ್ರ ಗೌರವಕ್ಕೆ ಅಪಮಾನ ತಡೆ ಕಾಯ್ದೆಯ ಪ್ರಕಾರ ಸರ್ಕಾರಿ ಗೌರವದ ಅಂತ್ಯಕ್ರಿಯೆ, ಸಶಸ್ತ್ರ ಪಡೆಗಳ ಮತ್ತು ಅರೆಸೇನಾ ಪಡೆಗಳ ಅಂತ್ಯಕ್ರಿಯೆ ಬಿಟ್ಟು ಬೇರೆಲ್ಲೂ ಧ್ವಜ ಹೊದಿಸುವಂತಿಲ್ಲ. ಆದ್ದರಿಂದ ರಾಜ್ಯ ಪೊಲೀಸರಿಗೆ ಸರ್ಕಾರಿ ಗೌರವದ ಆದೇಶ ಮೊದಲು ಆಗಬೇಕು. ಅಭಿಮಾನದಿಂದ ಊರವರೇ ತಂದು ಹೊದಿಸಿದರೆ ಅದು ತಪ್ಪಾಗುತ್ತದೆ. ಕೇಸರಿ ಬಣ್ಣ ತಲೆಯ ಕಡೆಗಿರಬೇಕು. ಧ್ವಜವನ್ನು ಗುಂಡಿಗೆ ಇಳಿಸುವಂತಿಲ್ಲ, ಚಿತೆಯಲ್ಲಿ ಸುಡುವಂತಿಲ್ಲ.

ಚಿತೆಗೆ ಮೊದಲು ಧ್ವಜ ತೆಗೆದು ಮಡಚುವುದನ್ನು ಹತ್ತಿರದಿಂದ ನೋಡಿದರೆ ಕ್ರಮ ತಿಳಿಯುತ್ತದೆ. ಬಟ್ಟೆಯನ್ನು ಅಡ್ಡಲಾಗಿ ಬಿಗಿ ಹಿಡಿಯುತ್ತಾರೆ. ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಚುತ್ತಾರೆ. ಆಮೇಲೆ ಬಿಳಿ ಪಟ್ಟಿಯನ್ನು ಎರಡೂ ತುದಿಯಿಂದ ನಡುವಿಗೆ ತರುತ್ತಾರೆ. ಕೊನೆಗೆ ಮೇಲೆ ಕಾಣುವುದು ಅಶೋಕ ಚಕ್ರ ಮತ್ತು ಎರಡು ಬಣ್ಣಗಳ ಚೂರು ಅಂಚು. ಅದನ್ನು ಎರಡೂ ಅಂಗೈಗಳ ಮೇಲಿಟ್ಟು ಮನೆಯವರಿಗೆ ಕೊಡುತ್ತಾರೆ.

‘ಶೋಕ ಶಸ್ತ್ರ’ದ ಆಜ್ಞೆಯಾದಾಗ ಸಿಪಾಯಿಗಳು ರೈಫಲ್ ತಲೆಕೆಳಗು ಮಾಡಿ, ನಳಿಗೆಯ ತುದಿಯನ್ನು ಬೂಟಿನ ಮೇಲಿಟ್ಟು, ಹಿಡಿಯ ಮೇಲೆ ಕೈ ಕಟ್ಟಿ ತಲೆ ಬಾಗಿಸುತ್ತಾರೆ. ಕಹಳೆಯಲ್ಲಿ ‘ಲಾಸ್ಟ್ ಪೋಸ್ಟ್’ ನುಡಿಸುತ್ತಾರೆ. ಮೂರು ಸುತ್ತು ಗುಂಡು ಹಾರಿಸುವುದನ್ನು ನಮ್ಮ ಪತ್ರಿಕೆಗಳು ‘ಕುಶಾಲು ತೋಪು’ ಎಂದು ಬರೆಯುತ್ತವೆ, ಆದರೆ ಅಲ್ಲಿ ತೋಪು ಇರುವುದಿಲ್ಲ. ಅದು ಸೀಸದ ಗುಂಡಿಲ್ಲದ, ಬರೀ ಮದ್ದಿನ ತೋಟಾ ತುಂಬಿದ ರೈಫಲ್. 21 ತೋಪುಗಳ ಸಲಾಮಿಗೂ ಇದಕ್ಕೂ ಸಂಬಂಧವಿಲ್ಲ.

ಅಕ್ಟೋಬರ್ 21ರಂದು ಓದುವ ಪಟ್ಟಿ

ಪೊಲೀಸರ ಸ್ಮರಣೆಯ ದಿನ ಭಯೋತ್ಪಾದನೆಯಿಂದ ಹುಟ್ಟಿದ್ದಲ್ಲ. 1959ರಲ್ಲಿ ಚೀನಾ ಗಡಿಯ ಕಾವಲು ಪೊಲೀಸ್ ಪಡೆಗಳ ಕೈಯಲ್ಲಿತ್ತು. ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಿಂದ ಅಕ್ಟೋಬರ್ 20ರಂದು ಮೂರು ಗಸ್ತು ತಂಡಗಳು ಹೊರಟವು, ಎರಡು ಮರಳಿದವು, ಇಬ್ಬರು ಕಾನ್‌ಸ್ಟೇಬಲ್ ಮತ್ತು ಒಬ್ಬ ಹಮಾಲಿಯಿದ್ದ ಮೂರನೆಯದು ಬರಲಿಲ್ಲ. ಮರುದಿನ ಅವರನ್ನು ಹುಡುಕಲು ಹೋದ ತಂಡದ ಮೇಲೆ ಗುಡ್ಡದಿಂದ ಚೀನೀ ಸೈನಿಕರು ಗುಂಡು ಹಾರಿಸಿದರು. ಹತ್ತು ಮಂದಿ ಸತ್ತರು. ಶವಗಳು ಕೈಸೇರಿದ್ದು ನವೆಂಬರ್ 13ಕ್ಕೆ. 1960ರ ಜನವರಿಯಲ್ಲಿ ನಡೆದ ಪೊಲೀಸ್ ಮಹಾನಿರೀಕ್ಷಕರ ಸಮ್ಮೇಳನ ಆ ದಿನವನ್ನು ದೇಶದಾದ್ಯಂತ ಪೊಲೀಸ್ ಹುತಾತ್ಮರ ದಿನವಾಗಿ ಆಚರಿಸಲು ತೀರ್ಮಾನಿಸಿತು.

ಕರ್ನಾಟಕದಲ್ಲಿ ಜಿಲ್ಲೆ ಜಿಲ್ಲೆಯ ಕವಾಯತು ಮೈದಾನಗಳಲ್ಲಿ, ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಹುತಾತ್ಮರ ಸ್ಮಾರಕದ ಬಳಿ ಅಂದು ಕಾರ್ಯಕ್ರಮವಿರುತ್ತದೆ. ಅಂದು ಹೆಸರುಗಳನ್ನು ಓದುತ್ತಾರೆ. ಪಟ್ಟಿ ದೇಶದ ಎಲ್ಲ ಪೊಲೀಸ್ ಪಡೆಗಳದು, ಹಿಂದಿನ ಸೆಪ್ಟೆಂಬರ್ 1ರಿಂದ ಈ ವರ್ಷದ ಆಗಸ್ಟ್ 31ರವರೆಗೆ ಕರ್ತವ್ಯದಲ್ಲಿ ಮಡಿದವರದು. ಸೆಪ್ಟೆಂಬರ್ ಕೊನೆಯಲ್ಲಿ ಮಗನನ್ನು ಕಳೆದುಕೊಂಡ ಮನೆಯವರು ಅಕ್ಟೋಬರ್‌ನಲ್ಲಿ ಬಂದು ಕೂತರೆ ಹೆಸರು ಕೇಳಿಸುವುದಿಲ್ಲ, ಅದು ಮುಂದಿನ ವರ್ಷದ ಪಟ್ಟಿಗೆ ಸೇರುತ್ತದೆ. ಇದನ್ನು ಮೊದಲೇ ಅವರಿಗೆ ತಿಳಿಸುವುದು ಠಾಣೆಯವರ ಜವಾಬ್ದಾರಿ ಎಂದೇ ಹೇಳಬೇಕು.

ಕಲ್ಲಿನ ಮೇಲಿನ ಹೆಸರು

ದೆಹಲಿಯಲ್ಲಿ ಸ್ಮಾರಕಗಳೂ ಎರಡು. ಇಂಡಿಯಾ ಗೇಟ್ ಪಕ್ಕದ ರಾಷ್ಟ್ರೀಯ ಯುದ್ಧ ಸ್ಮಾರಕ 2019ರ ಫೆಬ್ರವರಿ 25ರಂದು ಉದ್ಘಾಟನೆಯಾಯಿತು. ಒಂದರೊಳಗೊಂದು ನಾಲ್ಕು ವೃತ್ತಗಳಿವೆ, ನಡುವೆ 15.5 ಮೀಟರ್ ಎತ್ತರದ ಸ್ತಂಭ, ಅದರ ಬುಡದಲ್ಲಿ ಜ್ಯೋತಿ. ‘ತ್ಯಾಗ ಚಕ್ರ’ದ ಗೋಡೆಗಳಲ್ಲಿ ಒಂದೊಂದು ಗ್ರಾನೈಟ್ ಬಿಲ್ಲೆಗೆ ಒಬ್ಬೊಬ್ಬರ ಹೆಸರು. ಉದ್ಘಾಟನೆಯ ಹೊತ್ತಿಗೆ 25,942 ಹೆಸರುಗಳಿದ್ದವು, ಯುದ್ಧಗಳಲ್ಲಿ ಸತ್ತವರ ಜೊತೆಗೆ ಉಗ್ರ ನಿಗ್ರಹ ಕಾರ್ಯಾಚರಣೆಗಳಲ್ಲಿ ಸತ್ತವರವೂ ಸೇರಿ. ಪೊಲೀಸರದು ಚಾಣಕ್ಯಪುರಿಯಲ್ಲಿ: 2018ರ ಅಕ್ಟೋಬರ್ 21ರಂದು ತೆರೆದ ರಾಷ್ಟ್ರೀಯ ಪೊಲೀಸ್ ಸ್ಮಾರಕ. ಅಲ್ಲಿ 30 ಅಡಿ ಎತ್ತರದ, 238 ಟನ್ ತೂಕದ ಏಕಶಿಲೆ ಇದೆ. ಆಗ ಗೋಡೆಗೆ ಸೇರಿದ್ದ ಹೆಸರುಗಳು 34,844. ಸೇನೆಗಿಂತ ಪೊಲೀಸರ ಸಂಖ್ಯೆ ದೊಡ್ಡದೇ ಎಂದು ಹುಬ್ಬೇರಿಸುವವರಿದ್ದಾರೆ. ಆದರೆ ಪೊಲೀಸರ ಲೆಕ್ಕ ಭಯೋತ್ಪಾದನೆಯದಷ್ಟೇ ಅಲ್ಲ, ಸ್ವಾತಂತ್ರ್ಯಾನಂತರ ಕರ್ತವ್ಯದಲ್ಲಿ ಮಡಿದವರದು. ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸುವಂತಿಲ್ಲ.

ಎನ್‌ಎಸ್‌ಜಿ ಮಾತ್ರ ಈ ಎರಡು ದಾರಿ ಕೂಡುವ ಜಾಗದಲ್ಲಿದೆ. ಆಡಳಿತ ಗೃಹ ಸಚಿವಾಲಯದ್ದು, ಆದರೆ ನೇರ ದಾಳಿಗೆ ಇಳಿಯುವ ಸ್ಪೆಷಲ್ ಆ್ಯಕ್ಷನ್ ಗ್ರೂಪ್‌ನವರು ಸೇನೆಯಿಂದ ನಿಯೋಜನೆಯ ಮೇಲೆ ಬಂದವರು. ಉನ್ನಿಕೃಷ್ಣನ್ ಅವರ ಮೂಲ ಪಡೆ ಬಿಹಾರ ರೆಜಿಮೆಂಟಿನ ಏಳನೆಯ ಬೆಟಾಲಿಯನ್. 2016ರ ಜನವರಿಯಲ್ಲಿ ಪಠಾಣ್‌ಕೋಟ್‌ನಲ್ಲಿ ಸ್ಫೋಟಕ ತೆರವು ಮಾಡುವಾಗ ಸತ್ತ, ಬೆಂಗಳೂರಿನಲ್ಲಿ ಬೆಳೆದ ಲೆಫ್ಟಿನೆಂಟ್ ಕರ್ನಲ್ ಇ.ಕೆ. ನಿರಂಜನ್ ಅವರೂ ಎನ್‌ಎಸ್‌ಜಿಯಲ್ಲಿದ್ದ ಸೇನಾಧಿಕಾರಿಯೇ; ಅವರಿಗೆ ಶೌರ್ಯ ಚಕ್ರ ಸಂದಿತು.

ಮಡಿದವರಿಗೆ ಕಲ್ಲು ನಿಲ್ಲಿಸುವುದು ಕನ್ನಡ ನಾಡಿಗೆ ಹೊಸತಲ್ಲ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂಕಣ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಸನ್ನಿಧಿ. ‘ಬೆಂಗಳೂರು’ ಎಂಬ ಹೆಸರು ಮೊದಲು ಸಿಗುವುದೂ ಸುಮಾರು ಕ್ರಿ.ಶ. 900ರ ಬೇಗೂರಿನ ಶಾಸನದಲ್ಲಿ, ಕಾಳಗದಲ್ಲಿ ಸತ್ತವನೊಬ್ಬನ ನೆನಪಿನ ಕಲ್ಲಿನಲ್ಲಿ. ತುರುಗಳ್ಳರನ್ನು ತಡೆದು, ಊರು ಉಳಿಸಲು ಹೋಗಿ ಸತ್ತವರ ಮನೆಯವರಿಗೆ ಭೂಮಿ ಬಿಡುತ್ತಿದ್ದರು, ಅದನ್ನು ನೆತ್ತರುಗೊಡಗೆ ಎನ್ನುತ್ತಿದ್ದರು. ಕಲ್ಲೂ ಹೊಲವೂ ಒಂದೇ ಶಾಸನದಲ್ಲಿ ನಮೂದಾಗುತ್ತಿದ್ದವು. ಈಗ ಆ ಎರಡಕ್ಕೆ ಎರಡು ಇಲಾಖೆ.

ದುಡ್ಡು ಕೊಡುವವರಿಗೆ

ದಾಳಿಯಾದ ಕೆಲವೇ ಗಂಟೆಗಳಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಕ್ಯೂಆರ್ ಕೋಡ್‌ಗಳು ಓಡಾಡತೊಡಗುತ್ತವೆ. ಕೇಂದ್ರ ಪಡೆಗಳವರ ಕುಟುಂಬಗಳಿಗೆ ಸರ್ಕಾರಿ ದಾರಿ ‘ಭಾರತ್ ಕೆ ವೀರ್’ ಜಾಲತಾಣ, 2017ರ ಏಪ್ರಿಲ್‌ನಲ್ಲಿ ಗೃಹ ಸಚಿವಾಲಯ ತೆರೆದದ್ದು. ಇಲ್ಲಿ ನಿರ್ದಿಷ್ಟ ಕುಟುಂಬದ ಖಾತೆಗೇ ಹಾಕಬಹುದು, ಒಂದು ಕುಟುಂಬಕ್ಕೆ 15 ಲಕ್ಷದ ಮಿತಿ. ಮೀರಿದರೆ ಸಾಮಾನ್ಯ ನಿಧಿಗೆ ಕೊಡುವಂತೆ ಸೂಚನೆ ಬರುತ್ತದೆ. ಮಿತಿ ಇಟ್ಟದ್ದಕ್ಕೆ ಕಾರಣ ಸ್ಪಷ್ಟ: ಟಿ.ವಿ.ಯಲ್ಲಿ ಮುಖ ಬಂದವರಿಗೆ ಹಣ ಹರಿದು, ಅದೇ ವಾರ ಬೇರೆಡೆ ಸತ್ತವರಿಗೆ ಏನೂ ತಲುಪದಂತಾಗಬಾರದು. ಸೇನೆಯವರಿಗೆ ಸಶಸ್ತ್ರ ಪಡೆಗಳ ಯುದ್ಧ ಸಂತ್ರಸ್ತರ ಕಲ್ಯಾಣ ನಿಧಿಯ ‘ಮಾ ಭಾರತಿ ಕೆ ಸಪೂತ್’ ಜಾಲತಾಣವಿದೆ. ನಮ್ಮ ಜಿಲ್ಲೆಗಳಲ್ಲಾದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಇದೆ. ಡಿಸೆಂಬರ್ 7ರ ಧ್ವಜ ದಿನದ ನಿಧಿ ಅಲ್ಲಿ ಸಂಗ್ರಹವಾಗುತ್ತದೆ.

ಊರಿನಲ್ಲಿ ಪ್ರತಿಮೆ, ರಸ್ತೆಯ ಹೆಸರು

ವೃತ್ತದ ನಡುವೆ ಪ್ರತಿಮೆ ನಿಲ್ಲಿಸೋಣ ಎಂದು ಹೊರಡುವ ಸಂಘಗಳು ಮೊದಲು ಒಂದು ಆದೇಶ ಓದಬೇಕು. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ಹೇಳಿದೆ. ಅನುಮತಿಯಿಲ್ಲದೆ ನಿಲ್ಲಿಸಿದರೆ ಮುಂದೊಂದು ದಿನ ಗೋಣಿಚೀಲ ಮುಚ್ಚಿ ತೆಗೆಯಬೇಕಾಗುತ್ತದೆ, ಮನೆಯವರಿಗೆ ಅದು ಎರಡನೆಯ ಪೆಟ್ಟು. ಓದಿದ ಶಾಲೆಯ ಆವರಣ ಅಥವಾ ಕುಟುಂಬದ ಸ್ವಂತ ಜಾಗ ಸುರಕ್ಷಿತ. ರಸ್ತೆಗೆ ಹೆಸರಿಡುವುದಕ್ಕೆ ಸ್ಥಳೀಯ ಸಂಸ್ಥೆಯ ಠರಾವು ಬೇಕು. ಯಲಹಂಕದಲ್ಲಿ ಉನ್ನಿಕೃಷ್ಣನ್ ಅವರ ಹೆಸರಿನ ರಸ್ತೆ ಇದೆ. ಹೆಸರಿಡುವುದಕ್ಕೆ ರಸ್ತೆಯೇ ಆಗಬೇಕೆಂದೂ ಇಲ್ಲ: 2021ರಲ್ಲಿ ಮಹಾರಾಷ್ಟ್ರದಲ್ಲಿ ಗುರುತಿಸಿದ ಒಂದು ಹಾರುಜೇಡಕ್ಕೆ ಸಂಶೋಧಕರು ‘ಐಸಿಯಸ್ ತುಕಾರಾಮಿ’ ಎಂದು ಓಂಬ್ಳೆ ಅವರ ಹೆಸರಿಟ್ಟರು.

ಫಲಕ ಬರೆಸುವಾಗ ಸೇವಾ ಸಂಖ್ಯೆ, ಹುದ್ದೆ, ಹೆಸರು, ಪಡೆ, ಸ್ಥಳ, ದಿನಾಂಕ ಇಷ್ಟನ್ನೂ ಪಡೆಯ ದಾಖಲೆಯಿಂದ ತೆಗೆದುಕೊಳ್ಳಿ, ಪತ್ರಿಕೆಯಿಂದಲ್ಲ. ಸಾಮಾನ್ಯವಾಗಿ ತಪ್ಪುವುದು ಹುದ್ದೆ (ಲ್ಯಾನ್ಸ್ ನಾಯಕ್ ಇದ್ದವರು ನಾಯಕ್ ಆಗಿರುತ್ತಾರೆ), ಸಿಆರ್‌ಪಿಎಫ್‌ನವರನ್ನು ‘ಸೇನೆಯ ಯೋಧ’ ಎಂದು ಬರೆಯುವುದು, ಮತ್ತು ಊರಿಗೆ ಪಾರ್ಥಿವ ಶರೀರ ಬಂದ ದಿನವನ್ನೇ ಸಾವಿನ ದಿನವೆಂದು ಕೆತ್ತಿಸುವುದು. ಕೆತ್ತನೆಗೆ ಕೊಡುವ ಮೊದಲು ಕರಡನ್ನು ಮನೆಯವರಿಗೆ ಒಮ್ಮೆ, ಪಡೆಯ ದಾಖಲೆ ಕಚೇರಿಗೆ ಒಮ್ಮೆ ತೋರಿಸಿ ಸಹಿ ಹಾಕಿಸಿಕೊಳ್ಳಿ.